ಕಂಚಿನಲ್ಲಿ ಎರಕಗೊಂಡ ಮುಖಗಳು



ಕಳೆದ ವರ್ಷ ಸಂತ ಪೇತ್ರ ಹಾಗೂ ಸಂತ ಪೌಲರ ಮಹೋತ್ಸವದ ಸಂಜೆ. ಬಲಿಪೂಜೆ ಮುಗಿದು ಜನರೆಲ್ಲ ಮನೆಗಳಿಗೆ ಹೊರಟಿದ್ದರು. ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಗುರುನಿವಾಸದ ಮೆಟ್ಟಿಲ ಬಳಿ ನಿಂತಿದ್ದರು. ಒಳಗೆ ಕರೆದು ಕೂರಿಸಿದೆವು. ಅವರು ಸೆರಗು ಬಿಚ್ಚಿ ಮೇಜಿನ ಮೇಲಿಟ್ಟದ್ದು ಅಂಗೈಯಗಲದ ಒಂದು ಕಂಚಿನ ಮುಖ. ಹೆಣ್ಣಿನ ಮುಖ, ಆದರೆ ಕೂದಲಿನ ಬದಲು ಹಾವುಗಳು, ಹಣೆಯ ಮೇಲೆ ಎರಡು ಪುಟ್ಟ ರೆಕ್ಕೆಗಳು, ಗದ್ದದ ಕೆಳಗೆ ಗಂಟು ಹಾಕಿದಂತೆ ಹೆಣೆದುಕೊಂಡ ಎರಡು ಹಾವಿನ ಬಾಲಗಳು.

ಇಟಲಿಯಲ್ಲಿ ದಾದಿಯಾಗಿರುವ ಮಗಳು ರಜೆಗೆ ಬಂದಾಗ ರೋಮಿನಿಂದ ತಂದ ಉಡುಗೊರೆ ಅದು. ಹಳೆಯ ಕಾಲದ ಒಂದು ಒಡವೆಯ ನಕಲು. ತಾಯಿ ಅದನ್ನು ಸಂತೋಷದಿಂದ ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಹೊಡೆದು ಹಾಕಿದ್ದರು. ಪ್ರಾರ್ಥನಾಕೂಟಕ್ಕೆ ಬಂದ ಹಿರಿಯರು ಕಂಡು, "ಇದು ಪಿಶಾಚಿಯ ಮುಖ, ಮನೆಯಲ್ಲಿ ಇಟ್ಟುಕೊಳ್ಳಬಾರದು, ಕೆರೆಗೆ ಎಸೆದುಬಿಡಿ" ಎಂದರಂತೆ. ಮಗಳು ಅತ್ತಳಂತೆ.

"ಸ್ವಾಮಿ, ಇಟ್ಟುಕೊಂಡರೆ ಪಾಪವೇ? ಎಸೆದರೆ ಮಗಳು ಮಾತು ಬಿಡುತ್ತಾಳೆ" ಎಂದು ಆ ತಾಯಿ ಕೇಳಿದರು. ಆ ಸಂಜೆ ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. "ಸದ್ಯಕ್ಕೆ ಇಲ್ಲೇ ಇರಲಿ ಅಮ್ಮ" ಎಂದೆವು. ಅದು ಮೂರು ವಾರ ನಮ್ಮ ಮೇಜಿನ ಮೇಲೆ, ಜ್ಞಾನಸ್ನಾನದ ದಾಖಲೆ ಪುಸ್ತಕದ ಪಕ್ಕದಲ್ಲಿ ಕುಳಿತಿತ್ತು. ಆ ಮೂರು ವಾರಗಳಲ್ಲಿ ನಾವು ಓದಿ, ನೆನೆದು, ಕೂಡಿಸಿಕೊಂಡ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ. ಬೇರೆ ಮನೆಗಳಲ್ಲಿಯೂ ಇಂತಹ ಪ್ರಶ್ನೆ ಎದ್ದಿರಬಹುದು.

ಮೊದಲು ಆ ಮುಖ ಯಾರದು ಎಂಬುದನ್ನು ನೋಡೋಣ. ಅವಳ ಹೆಸರು ಮೆಡೂಸಾ. ಗ್ರೀಕರ ಪುರಾಣಕಥೆಯಲ್ಲಿ ಗೋರ್ಗನ್ ಎಂಬ ಮೂವರು ಅಕ್ಕತಂಗಿಯರಲ್ಲಿ ಇವಳೊಬ್ಬಳೇ ಸಾವಿಗೆ ಒಳಗಾದವಳು. ಇವಳ ಕಣ್ಣಿಗೆ ಕಣ್ಣು ಕೊಟ್ಟವರು ಕಲ್ಲಾಗುತ್ತಿದ್ದರು. ಪರ್ಸಿಯಸ್ ಎಂಬ ವೀರನು ನೇರವಾಗಿ ನೋಡದೆ, ಥಳಥಳಿಸುವ ಗುರಾಣಿಯಲ್ಲಿ ಅವಳ ಪ್ರತಿಬಿಂಬವನ್ನಷ್ಟೇ ನೋಡುತ್ತಾ ತಲೆ ಕತ್ತರಿಸಿದನು. ಆ ತಲೆಯನ್ನು ಅಥೀನಾ ದೇವಿಗೆ ಒಪ್ಪಿಸಿದನು. ರೋಮನ್ನರು ಅವಳನ್ನೇ ಮಿನರ್ವ ಎಂದು ಕರೆದರು. ಆಕೆ ಅದನ್ನು ತನ್ನ ಎದೆಯ ಕವಚದ ಮೇಲೆ ಧರಿಸಿದಳು. ಅಂದಿನಿಂದ ಕೊಲ್ಲುವ ಕಣ್ಣೇ ಕಾಯುವ ಕಣ್ಣಾಯಿತು ಎಂಬುದು ಕಥೆ.

ಹಳೆಯ ಗ್ರೀಕರು ಅವಳನ್ನು ಅಗಲ ಮುಖ, ಕೋರೆಹಲ್ಲು, ಹೊರಚಾಚಿದ ನಾಲಗೆಯ ಘೋರ ರೂಪದಲ್ಲಿ ಬಿಡಿಸುತ್ತಿದ್ದರು. ರೋಮನ್ನರ ಕಾಲಕ್ಕೆ ಬರುವಷ್ಟರಲ್ಲಿ ಆ ಕೋರೆಹಲ್ಲು ಬಿದ್ದುಹೋಗಿ, ಅವಳು ಸುಂದರಿಯಾಗಿ, ಏನೋ ದುಃಖವನ್ನು ನುಂಗಿಕೊಂಡಂತೆ ಕಾಣುವ ತರುಣಿಯಾದಳು. ನಮ್ಮ ಮೇಜಿನ ಮೇಲಿದ್ದದ್ದು ಈ ಎರಡನೆಯ ಮುಖ. ರಾತ್ರಿ ದೀಪದ ಬೆಳಕಿನಲ್ಲಿ ನೋಡಿದಾಗ, ಸತ್ಯ ಹೇಳಬೇಕೆಂದರೆ, ನಮಗೆ ಹೆದರಿಕೆಗಿಂತ ಕನಿಕರವೇ ಬಂತು.

ಹೆದರಿಸುವ ಮುಖವನ್ನು ಬಾಗಿಲ ಮೇಲೇಕೆ ಹಾಕಬೇಕು? ನಮ್ಮ ಊರುಗಳಲ್ಲಿ ಹೊಸ ಮನೆ ಕಟ್ಟುವಾಗ ಕಣ್ಣು ಬಿಟ್ಟ, ಮೀಸೆ ಹೊತ್ತ ದೃಷ್ಟಿಬೊಂಬೆಯನ್ನು ಕಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಸೂಯೆಯ ಕಣ್ಣು ಕೇಡು ತರುತ್ತದೆಂದು ರೋಮನ್ನರು ನಂಬಿದ್ದರು. ಆ ಕಣ್ಣು ಮೊದಲು ಮೆಡೂಸಾಳ ಕಣ್ಣಿಗೆ ತಾಗಲಿ, ಅಲ್ಲೇ ಕಲ್ಲಾಗಲಿ ಎಂಬುದು ಅವರ ಲೆಕ್ಕ. ಆದ್ದರಿಂದಲೇ ಚಕ್ರವರ್ತಿಯ ಎದೆಗವಚದ ಮೇಲೆ, ನೆಲಕ್ಕೆ ಹಾಸಿದ ಬಣ್ಣದ ಕಲ್ಲಿನ ಚಿತ್ತಾರದ ನಡುವೆ, ಬಾಗಿಲು, ಪೆಟ್ಟಿಗೆ, ರಥಗಳ ಮೇಲೆ ಎಲ್ಲೆಲ್ಲೂ ಆ ಮುಖ.

ಆದರೆ ಕಂಚಿನ ಮುಖಗಳೆಲ್ಲ ಕಾವಲಿನವಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪೊಂಪೇಯಿ ಮತ್ತು ಹರ್ಕುಲೇನಿಯಂ ಪಟ್ಟಣಗಳ ಮನೆಗಳಿಂದ ಅಗೆದು ತೆಗೆದ ಸಾಮಾನುಗಳನ್ನು ನೋಡಿ. ಹೂಜಿಯ ಹಿಡಿ ಹೊಟ್ಟೆಗೆ ಅಂಟಿಕೊಳ್ಳುವ ಜಾಗದಲ್ಲಿ ಒಂದು ಪುಟ್ಟ ಮುಖ ಇರುತ್ತದೆ. ಹೆಚ್ಚಾಗಿ ಅದು ದ್ರಾಕ್ಷಾರಸದ ದೇವರಾದ ಬಾಕಸ್‌ನ ಪರಿವಾರದವರದ್ದು: ಬೋಳುತಲೆ, ಚಪ್ಪಟೆ ಮೂಗು, ಪೊದೆಗಡ್ಡದ ಮುದುಕ ಸೈಲೀನಸ್, ಅಥವಾ ಮೇಕೆಯ ಕಿವಿಯ ಸ್ಯಾಟಿರ್. ಊಟದ ಹೊತ್ತಿನಲ್ಲಿ ಒರಗಿಕೊಳ್ಳುವ ಮಂಚದ ತಲೆಗಾಸರೆಗೆ ಬಳ್ಳಿಯ ಮಾಲೆ ತೊಟ್ಟ ಹೇಸರಗತ್ತೆಯ ತಲೆ. ದ್ರಾಕ್ಷಾರಸ ಸುರಿಯುವಾಗ ಗಡ್ಡದ ಮುದುಕನೊಬ್ಬ ಹಿಡಿಯ ಬುಡದಲ್ಲಿ ನಗುತ್ತಾ ಕುಳಿತಿರುವುದು ಮನೆಮಂದಿಗೆ ತಮಾಷೆಯ ವಿಷಯವಾಗಿತ್ತೇ ಹೊರತು ಪೂಜೆಯ ವಿಷಯವಾಗಿರಲಿಲ್ಲ. ಅಂಗಡಿಯವನ ತೂಕದ ಕೋಲಿನಲ್ಲಿ ಜಾರಿಸಿ ಜಾರಿಸಿ ನಿಲ್ಲಿಸುವ ಗುಂಡು ಕೂಡ ಮುಖವೇ. ವ್ಯಾಪಾರದ ದೇವರು ಮರ್ಕ್ಯುರಿ, ಇಲ್ಲವೇ ಮಿನರ್ವ, ಕೆಲವೊಮ್ಮೆ ಚಕ್ರವರ್ತಿ. ಒಳಗೆ ಸೀಸ ತುಂಬಿ ತೂಕ ಸರಿಪಡಿಸುತ್ತಿದ್ದರು. ದೇವರ ಹೊಟ್ಟೆಯಲ್ಲಿ ಎಷ್ಟು ಸೀಸವಿದೆಯೆಂದು ಗಿರಾಕಿಗೆ ಹೇಗೆ ಗೊತ್ತಾಗಬೇಕು! ಆ ಕಾಲದ ಗಿರಾಕಿಗಳೂ ನಮ್ಮ ಸಂತೆಯ ಗಿರಾಕಿಗಳಂತೆಯೇ ಕೋಲಿನ ಮೇಲೆ ಕಣ್ಣಿಟ್ಟಿರಬೇಕು.

ಈ ಮುಖಗಳನ್ನು ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಕಂಚುಗಾರನು ಮೊದಲು ಜೇನುಮೇಣದಲ್ಲಿ ಮುಖವನ್ನು ತಿದ್ದಿ ತೀಡಿ ಮಾಡುತ್ತಾನೆ. ಅದರ ಸುತ್ತ ನಯವಾದ ಜೇಡಿಮಣ್ಣು ಮೆತ್ತಿ, ಒಣಗಿಸಿ, ಕಾಯಿಸುತ್ತಾನೆ. ಮೇಣ ಕರಗಿ ಹರಿದುಹೋಗಿ ಒಳಗೆ ಮುಖದ ಆಕಾರದ ಟೊಳ್ಳು ಉಳಿಯುತ್ತದೆ. ಅದಕ್ಕೆ ಕರಗಿದ ಕಂಚನ್ನು ಹೊಯ್ಯುತ್ತಾನೆ. ಬರೀ ತಾಮ್ರ ಕರಗಲು ಸುಮಾರು 1,085 ಡಿಗ್ರಿ ಶಾಖ ಬೇಕು. ತವರ ಬೆರೆಸಿದರೆ ಅದಕ್ಕಿಂತ ಕಡಿಮೆ ಶಾಖಕ್ಕೇ ಕರಗುತ್ತದೆ, ಗಟ್ಟಿಯೂ ಆಗುತ್ತದೆ. ಒಂದಿಷ್ಟು ಸೀಸ ಸೇರಿಸಿದರೆ ಅಚ್ಚಿನ ಸಣ್ಣ ಸಣ್ಣ ಸಂದುಗಳಿಗೂ ಲೋಹ ಸರಾಗವಾಗಿ ಹರಿಯುತ್ತದೆ. ಹಾವಿನ ಹೆಡೆ, ಗಡ್ಡದ ಗುಂಗುರು ಅಷ್ಟು ಸ್ಪಷ್ಟವಾಗಿ ಮೂಡುವುದು ಇದರಿಂದಲೇ. ತಣ್ಣಗಾದ ಮೇಲೆ ಮಣ್ಣು ಒಡೆದು, ಉಳಿಯಿಂದ ಕೆತ್ತಿ, ಉಜ್ಜಿ ಹೊಳಪು ಕೊಡುತ್ತಾರೆ. ಉತ್ತಮ ಕೆಲಸವಾದರೆ ಕಣ್ಣಿಗೆ ಬೆಳ್ಳಿ, ತುಟಿಗೆ ಕೆಂಪು ತಾಮ್ರ.

ವಸ್ತುಸಂಗ್ರಹಾಲಯದಲ್ಲಿ ನಾವು ಕಾಣುವ ಹಸಿರು ಬಣ್ಣ ಅದರ ಹುಟ್ಟುಬಣ್ಣವಲ್ಲ. ಅದು ಶತಮಾನಗಳ ಕಿಲುಬು. ಹೊಸತರಲ್ಲಿ ಅದು ಚಿನ್ನದಂತೆ ಹೊಳೆಯುತ್ತಿತ್ತು. ಹೂಜಿಯ ತೆಳು ತಗಡು ಮಣ್ಣಿನಲ್ಲಿ ತಿಂದುಹೋದರೂ ಎರಕದ ದಪ್ಪ ಹಿಡಿ ಉಳಿಯುತ್ತದೆ. ಬೆಸುಗೆ ಬಿಟ್ಟು ಮುಖಗಳು ಒಂಟಿಯಾಗಿ ಉದುರುತ್ತವೆ. ಹೀಗಾಗಿಯೇ ಯಾವ ಪಾತ್ರೆಯದೆಂದು ತಿಳಿಯದ ಎಷ್ಟೋ ಮುಖಗಳು ಜಗತ್ತಿನ ಸಂಗ್ರಹಾಲಯಗಳ ಗಾಜಿನ ಕಪಾಟುಗಳಲ್ಲಿ ಸಾಲಾಗಿ ಕುಳಿತಿವೆ.

ಇಂತಹ ಮುಖಗಳಲ್ಲಿ ಅತ್ಯಂತ ಹೆಸರಾದವು ನೇಮಿ ಸರೋವರದವು. ರೋಮಿನಿಂದ ಸುಮಾರು 30 ಕಿಲೋಮೀಟರ್ ದೂರದ ಆಲ್ಬನ್ ಬೆಟ್ಟಗಳಲ್ಲಿ, ಆರಿದ ಅಗ್ನಿಪರ್ವತದ ಬಾಯಿಯಲ್ಲಿ ನಿಂತ ಸಣ್ಣ ಕೆರೆ ಅದು. ಅದರ ದಡದಲ್ಲಿ ಡಯಾನಾ ದೇವಿಯ ಗುಡಿಯಿತ್ತು. ಕ್ರಿ.ಶ. 37ರಿಂದ 41ರವರೆಗೆ ಆಳಿದ ಕಲಿಗುಲಾ ಚಕ್ರವರ್ತಿ ಆ ಪುಟ್ಟ ಕೆರೆಯಲ್ಲಿ ಸುಮಾರು 70 ಮೀಟರ್ ಉದ್ದದ ಎರಡು ಹಡಗುಗಳನ್ನು ಕಟ್ಟಿಸಿದನು. ಅಲ್ಲಿ ಹೋಗಬೇಕಾದ ಊರೇ ಇರಲಿಲ್ಲ. ತೇಲುವ ಅರಮನೆಗಳು ಅವು. ಅಮೃತಶಿಲೆಯ ನೆಲ, ಸೀಸದ ಕೊಳವೆಗಳಲ್ಲಿ ನೀರು. ಆ ಕೊಳವೆಗಳ ಮೇಲೆ ಒತ್ತಿದ್ದ ಹೆಸರಿನಿಂದಲೇ ಹಡಗು ಯಾರದೆಂದು ಮುಂದೆ ತಿಳಿದುಬಂತು. ಹಡಗಿನ ತೊಲೆಗಳ ತುದಿಗೆ ಕಂಚಿನ ತಲೆಗಳನ್ನು ತೊಡಿಸಿದ್ದರು: ಸಿಂಹ, ತೋಳ, ಚಿರತೆ, ಮತ್ತು ನಮ್ಮ ಮೆಡೂಸಾ. ಪ್ರಾಣಿಗಳ ಹಲ್ಲುಗಳ ನಡುವೆ ಕಂಚಿನ ಬಳೆಗಳು. ಚಕ್ರವರ್ತಿಯನ್ನು ಇಷ್ಟೆಲ್ಲ ಮುಖಗಳು ಕಾಯುತ್ತಿದ್ದವು. ಆದರೂ 41ರ ಜನವರಿಯಲ್ಲಿ ಅವನ ಕಾವಲುಪಡೆಯವರೇ ಅವನನ್ನು ಇರಿದು ಕೊಂದರು. ಹಡಗುಗಳು ಕೆರೆಯ ತಳ ಸೇರಿದವು.

ಮುಂದಿನ ಕಥೆಯಲ್ಲಿ ಧರ್ಮಸಭೆಯವರೂ ಬರುತ್ತಾರೆ. 1446ರ ಸುಮಾರಿಗೆ ಕಾರ್ಡಿನಲ್ ಪ್ರೋಸ್ಪೆರೋ ಕೊಲೋನ್ನಾ ಅವರು ಹೆಸರಾಂತ ಶಿಲ್ಪಜ್ಞ ಲಿಯೋನ್ ಬತ್ತಿಸ್ತಾ ಆಲ್ಬರ್ಟಿಯವರಿಂದ ಹಡಗನ್ನು ಮೇಲೆತ್ತಿಸಲು ನೋಡಿದರು. ಜಿನೋವಾದ ಮುಳುಗುಗಾರರು ಇಳಿದರು. ತುಂಡುಗಳಷ್ಟೇ ಬಂದವು. 1895ರಲ್ಲಿ ಪುರಾತನ ವಸ್ತುಗಳ ವ್ಯಾಪಾರಿಯೊಬ್ಬರು ಮುಳುಗುಗಾರರನ್ನು ಇಳಿಸಿ ಕಂಚಿನ ತಲೆಗಳನ್ನು ಕಿತ್ತು ತಂದರು. ಆ ಭರದಲ್ಲಿ ಹಡಗಿನ ಮರವೂ ಕಿತ್ತುಹೋಯಿತು. ಕೊನೆಗೆ 1928ರಿಂದ ಇಟಲಿ ಸರ್ಕಾರ ಪಂಪುಗಳನ್ನಿಟ್ಟು ಕೆರೆಯ ನೀರನ್ನು ಸುಮಾರು 20 ಮೀಟರ್ ಇಳಿಸಿತು. 1932ರ ಹೊತ್ತಿಗೆ ಎರಡೂ ಹಡಗುಗಳು ದಡ ಸೇರಿದವು. ಅವುಗಳಿಗಾಗಿಯೇ ಕಟ್ಟಿದ ಸಂಗ್ರಹಾಲಯ 1940ರಲ್ಲಿ ತೆರೆಯಿತು. 1944ರ ಮೇ 31ರ ರಾತ್ರಿ, ಯುದ್ಧದ ನಡುವೆ, ಬೆಂಕಿ ಬಿದ್ದು ಎರಡು ಹಡಗುಗಳೂ ಬೂದಿಯಾದವು. ಸಾವಿರದ ಒಂಬೈನೂರು ವರ್ಷ ನೀರು ಕಾಪಾಡಿದ್ದನ್ನು ಮನುಷ್ಯರು ಒಂದು ರಾತ್ರಿಯೂ ಕಾಪಾಡಲಿಲ್ಲ. ಕಂಚಿನ ತಲೆಗಳನ್ನು ಮಾತ್ರ ರೋಮಿಗೆ ಸಾಗಿಸಿದ್ದರಿಂದ ಅವು ಉಳಿದವು.

ಅವು ಈಗ ರೋಮಿನ ರೈಲು ನಿಲ್ದಾಣದ ಬಳಿಯ ಪಲಾತ್ಸೋ ಮಾಸ್ಸಿಮೋ ಸಂಗ್ರಹಾಲಯದಲ್ಲಿವೆ. ಕೆಲವು ವರ್ಷಗಳ ಹಿಂದೆ ಯಾತ್ರಿಕರ ತಂಡದೊಡನೆ ಹೋಗಿದ್ದಾಗ, ಉಳಿದವರು ಜಪಮಾಲೆಗಳನ್ನು ಕೊಳ್ಳಲು ಅಂಗಡಿಗೆ ನುಗ್ಗಿದರೆ, ನಾವು ಒಂದು ಗಂಟೆ ಕದ್ದು ಅಲ್ಲಿಗೆ ಹೋಗಿದ್ದೆವು. ನಮ್ಮ ಮೇಜಿನ ಮೇಲಿನ ನಕಲನ್ನು ಕಂಡೊಡನೆ ಆ ಕೋಣೆಯೇ ನೆನಪಾಯಿತು.

ಇದೆಲ್ಲ ದೂರದೇಶದ ಮಾತು ಎಂದುಕೊಳ್ಳಬೇಡಿ. ಬೆಳಗಾವಿಗೆ ಹತ್ತಿರದ ಕೊಲ್ಲಾಪುರದಲ್ಲಿ, ಪಂಚಗಂಗಾ ನದಿಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ, 1944-45ರ ಸುಮಾರಿಗೆ ಕಂಚಿನ ವಸ್ತುಗಳ ಒಂದು ರಾಶಿ ಸಿಕ್ಕಿತು. ಅದನ್ನು ಬೆಳಕಿಗೆ ತಂದವರು ಅಲ್ಲಿನ ರಾಜಾರಾಮ್ ಕಾಲೇಜಿನ ಪ್ರಾಧ್ಯಾಪಕರೂ ಕನ್ನಡದ ವಿದ್ವಾಂಸರೂ ಆದ ಕೆ.ಜಿ. ಕುಂದಣಗಾರರು. ಹೆಚ್ಚಿನವು ನಮ್ಮ ನಾಡಿನ ಕಂಚುಗಾರರ ಕೆಲಸ. ಕೆಲವು ಮಾತ್ರ ರೋಮನ್ ಲೋಕದಿಂದ ಹಡಗೇರಿ ಬಂದವು. ಅವುಗಳಲ್ಲಿ ಒಂದು ಹೂಜಿ, ಮತ್ತು ಗೇಣುದ್ದವೂ ಇಲ್ಲದ, ಸಮುದ್ರದೇವತೆ ಪೊಸೈಡನ್‌ನ ಸೊಗಸಾದ ಪ್ರತಿಮೆ. ಶಾತವಾಹನರ ಕಾಲದ ವರ್ತಕನ ಮನೆಯಲ್ಲಿ ಪೊಸೈಡನ್ ಯಾರೆಂದು ತಿಳಿದವರು ಎಷ್ಟು ಮಂದಿ ಇದ್ದಾರು? ಅವರಿಗೆ ಅದು ದೂರದಿಂದ ಬಂದ ಚೆಂದದ ವಸ್ತು, ಅಷ್ಟೇ. ಮುಖ ಅದೇ, ಸಮುದ್ರ ದಾಟಿದೊಡನೆ ಅರ್ಥ ಬದಲಾಗಿಬಿಟ್ಟಿತು.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ತಿಬೇರಿಯ ಚಕ್ರವರ್ತಿಯ ಬೆಳ್ಳಿಯ ದಿನಾರಿ ನಾಣ್ಯ ಸಿಕ್ಕಿದೆ. ಅದೇ ತಿಬೇರಿಯನ ಆಳ್ವಿಕೆಯಲ್ಲಿಯೇ ನಮ್ಮ ಪ್ರಭು ಯೇಸುಸ್ವಾಮಿ ಬೋಧಿಸಿದರು, ಶಿಲುಬೆಗೇರಿದರು. ತೆರಿಗೆಯ ವಿಷಯದಲ್ಲಿ ಸಿಕ್ಕಿಸಲು ಬಂದವರಿಂದ ಅವರು ನಾಣ್ಯವೊಂದನ್ನು ತರಿಸಿ, ಇದರ ಮೇಲಿನ ಮುಖ ಯಾರದೆಂದು ಕೇಳಿದ ಪ್ರಸಂಗ ಮತ್ತಾಯನ ಶುಭಸಂದೇಶದಲ್ಲಿದೆ. ತಿಬೇರಿಯನ ದಿನಾರಿಯ ಮೇಲೆ ಅವನನ್ನು ದೈವತ್ವಕ್ಕೇರಿದ ಅಗಸ್ತನ ಮಗನೆಂದು ಬರೆದಿರುತ್ತಿತ್ತು. ಭಕ್ತ ಯೆಹೂದ್ಯನ ಮನಸ್ಸನ್ನು ಚುಚ್ಚುವ ಬರಹ ಅದು. ಸ್ವಾಮಿ ಆ ನಾಣ್ಯವನ್ನು ನೆಲಕ್ಕೆ ಎಸೆಯಲಿಲ್ಲ. ಅದು ಯಾರಿಗೆ ಸೇರಿದ್ದೋ ಅವರಿಗೆ ಹೋಗಲಿ ಎಂದು ಹಿಂತಿರುಗಿಸಿಬಿಟ್ಟರು.

ಸಂತ ಪೌಲರ ವಿಷಯಕ್ಕೆ ಬರೋಣ. ಮಾಲ್ಟಾ ದ್ವೀಪದಲ್ಲಿ ಹಡಗು ಒಡೆದ ಮೇಲೆ ಅವರು ಮೂರು ತಿಂಗಳು ಅಲ್ಲಿಯೇ ಇದ್ದರು. ಅನಂತರ ರೋಮಿನತ್ತ ಹೊರಟದ್ದು ಅಲೆಕ್ಸಾಂಡ್ರಿಯಾದ ಒಂದು ಹಡಗಿನಲ್ಲಿ. ಪ್ರೇಷಿತರ ಕಾರ್ಯಕಲಾಪಗಳ 28ನೆಯ ಅಧ್ಯಾಯದಲ್ಲಿ ಸಂತ ಲೂಕರು ಒಂದು ಸಣ್ಣ ವಿವರ ಕೊಡುತ್ತಾರೆ. ಆ ಹಡಗಿನ ಲಾಂಛನ ಅವಳಿ ದೇವರುಗಳು. ಅಂದರೆ ಕ್ಯಾಸ್ಟರ್ ಮತ್ತು ಪೊಲಕ್ಸ್, ನಾವಿಕರ ಕುಲದೈವಗಳು. ಬಿರುಗಾಳಿಯಲ್ಲಿ ಪಟದ ಕಂಬದ ತುದಿಯಲ್ಲಿ ಮಿನುಗುವ ಮಿಂಚಿನ ಬೆಳಕು ಕಂಡರೆ, ಅವಳಿಗಳು ಬಂದರು, ಇನ್ನು ಬದುಕಿದೆವು ಎಂದು ಅಂದಿನವರು ನಂಬುತ್ತಿದ್ದರು. ಮುಂದೆ ಕ್ರೈಸ್ತ ನಾವಿಕರು ಅದೇ ಬೆಳಕನ್ನು ಸಂತ ಎಲ್ಮೊ, ಅಂದರೆ ಧರ್ಮಾಧ್ಯಕ್ಷ ಸಂತ ಎರಾಸ್ಮಸ್ಸರ ಬೆಳಕೆಂದು ಕರೆದರು.

ಪೌಲರು ಸೆರೆಯಾಳು. ಹಡಗನ್ನು ಆರಿಸುವ ಅಧಿಕಾರ ಅವರಿಗಿರಲಿಲ್ಲ ಎಂದು ನೀವು ಹೇಳಬಹುದು, ಅದು ನಿಜ. ಆದರೆ ಲೂಕರು ಬೇಕಿದ್ದರೆ ಈ ಮಾತನ್ನು ಬಿಟ್ಟುಬಿಡಬಹುದಿತ್ತು. ಬರೆದರು, ಖಂಡಿಸಲಿಲ್ಲ, ಕ್ಷಮೆ ಕೇಳಲಿಲ್ಲ. ಅನ್ಯದೈವಗಳ ಮುಖ ಹೊತ್ತ ಹಡಗು ಸುರಕುಸದ ಮಾರ್ಗವಾಗಿ ಪುತಿಯೋಲಿ ಬಂದರು ಮುಟ್ಟಿ, ಪ್ರೇಷಿತರನ್ನು ಇಟಲಿಯ ನೆಲಕ್ಕೆ ಇಳಿಸಿತು. ರೋಮಿನಲ್ಲಿ ಅವರ ಸಾಕ್ಷ್ಯ ಶುರುವಾದದ್ದು ಆ ಹಡಗಿನಿಂದ ಇಳಿದ ಮೇಲೆ.

ಪೌಲರಿಗೆ ಕಂಚಿನ ಪರಿಚಯ ಚೆನ್ನಾಗಿಯೇ ಇತ್ತು. ಅವರು ಒಂದೂವರೆ ವರ್ಷ ಇದ್ದ ಕೊರಿಂಥ ಕಂಚಿಗೆ ಹೆಸರಾದ ಊರು. ಕೊರಿಂಥದ ಕಂಚನ್ನು ಬೆಳ್ಳಿಗಿಂತ ಮೇಲಾಗಿ ಬೆಲೆಕಟ್ಟುತ್ತಿದ್ದರೆಂದು ಪ್ಲಿನಿ ಎಂಬ ರೋಮನ್ ಲೇಖಕ ಬರೆದಿದ್ದಾನೆ. ಆ ಊರಿನವರಿಗೆ ಪ್ರೀತಿಯ ಬಗ್ಗೆ ಬರೆಯುವಾಗ ಪೌಲರು ಸದ್ದುಮಾಡುವ ಕಂಚನ್ನೂ ಮಸುಕಾಗಿ ತೋರುವ ಕನ್ನಡಿಯನ್ನೂ ನೆನೆದದ್ದು ಅಚ್ಚರಿಯಲ್ಲ. ಅಂದಿನ ಕನ್ನಡಿಗಳೂ ಉಜ್ಜಿದ ಕಂಚೇ. ಅದೇ ಪತ್ರದ 8ನೆಯ ಅಧ್ಯಾಯದಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಮಾಂಸದ ಪ್ರಶ್ನೆ ಬರುತ್ತದೆ. ವಿಗ್ರಹದಲ್ಲಿ ಏನೂ ಇಲ್ಲ, ದೇವರು ಒಬ್ಬರೇ ಎಂಬ ಅರಿವು ಇದ್ದವನಿಗೆ ಆ ಮಾಂಸದಿಂದ ಕೇಡಿಲ್ಲ ಎನ್ನುತ್ತಾರೆ. ಆದರೆ ಅದನ್ನು ಕಂಡು ಬಲಹೀನ ಮನಸ್ಸಿನ ಸಹೋದರನೊಬ್ಬ ಎಡವುವುದಾದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲ ಎಂದೂ ಸೇರಿಸುತ್ತಾರೆ. ನಮ್ಮ ತಾಯಿಯ ಪ್ರಶ್ನೆಗೆ ಬೇಕಾದ ಉತ್ತರ ಇಲ್ಲಿಯೇ ಇದೆ ಎಂದು ನಮಗೆ ಹೊಳೆದದ್ದು ಎರಡನೆಯ ವಾರದಲ್ಲಿ.

ಎಲ್ಲರಿಗೂ ಪ್ರಶ್ನೆ ಇಷ್ಟು ಸುಲಭವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕೊಳ್ಳುವವನಿಗಿಂತ ಮಾಡುವವನಿಗೆ ಕಷ್ಟ ಹೆಚ್ಚು. ಎಫೆಸದಲ್ಲಿ ದೆಮೆತ್ರಿಯನೆಂಬ ಅಕ್ಕಸಾಲಿ ಅರ್ತೆಮಿ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದನು. ನೇಮಿಯ ಡಯಾನಾ ಎಂದರೂ ಅವಳೇ. ಪೌಲರ ಬೋಧನೆಯಿಂದ ಕಸುಬು ಕೆಡುತ್ತದೆಂದು ಅವನು ಊರನ್ನೇ ಎಬ್ಬಿಸಿದ ಗಲಭೆ ನಿಮಗೆ ಗೊತ್ತು. ಹಾಗಾದರೆ ಅಂಥ ಕಮ್ಮಟದಲ್ಲಿ ದುಡಿಯುವವನೇ ಕ್ರೈಸ್ತನಾದರೆ? ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲ ಎಂದು ಅಂಥವರು ಹೇಳುತ್ತಿದ್ದರೆಂದು ಉತ್ತರ ಆಫ್ರಿಕದ ತೆರ್ತುಲಿಯನ್ ಸುಮಾರು ಕ್ರಿ.ಶ. 200ರಲ್ಲಿ ಬರೆಯುತ್ತಾನೆ. ಅವನ ಉತ್ತರ ಬಿರುಸು: ಬೇಡವೇ ಬೇಡ. ಆದರೆ ಕೈಬಿಟ್ಟು ಹೋಗುವುದಿಲ್ಲ. ಮರದಲ್ಲಿ ಯುದ್ಧದೇವತೆಯನ್ನು ಕೆತ್ತಬಲ್ಲವನು ಪೆಟ್ಟಿಗೆಯನ್ನು ಇನ್ನೂ ಬೇಗ ಮಾಡಬಲ್ಲ, ಕೆಲಸಕ್ಕೇನು ಕೊರತೆ ಎಂದು ಲೆಕ್ಕ ತೋರಿಸುತ್ತಾನೆ. ಸಂಬಳ ಕಡಿಮೆಯಾದರೂ ಗಿರಾಕಿ ಹೆಚ್ಚು ಎಂಬ ಧಾಟಿ. ಅದೇ ಕಾಲದಲ್ಲಿ ಅಲೆಕ್ಸಾಂಡ್ರಿಯಾದ ಕ್ಲೆಮೆಂತರು ಮುದ್ರೆಯುಂಗುರದ ವಿಷಯದಲ್ಲಿ ಮೃದುವಾಗಿ ಮಾತಾಡುತ್ತಾರೆ. ಉಂಗುರ ಬೇಕು, ಕಾಗದಕ್ಕೆ ಮುದ್ರೆ ಒತ್ತದೆ ಸಂಸಾರ ನಡೆಯುವುದಿಲ್ಲ. ಆದರೆ ವಿಗ್ರಹಗಳ ಮುಖ ಬೇಡ. ಪಾರಿವಾಳ, ಮೀನು, ಹಡಗು, ತಂತಿವಾದ್ಯ, ಲಂಗರು ಇವುಗಳಲ್ಲಿ ಒಂದಿರಲಿ. ಅಂಗಡಿಯಲ್ಲಿ ಮೊದಲೇ ಮಾರಾಟಕ್ಕಿದ್ದ ಚಿಹ್ನೆಗಳಿಂದಲೇ ಅವರು ನಮಗೆ ಒಪ್ಪುವುದನ್ನು ಆರಿಸಿಕೊಟ್ಟರು.

ಧರ್ಮಸಭೆ ಅಧಿಕಾರಕ್ಕೆ ಬಂದ ಮೇಲೆ ಏನಾಯಿತು? ಒಂದೇ ಮಾತಿನಲ್ಲಿ ಹೇಳಲಾಗದು. ಎಷ್ಟೋ ಕಂಚು ಕರಗಿಹೋಯಿತು. ದ್ವೇಷದಿಂದ ಕರಗಿದ್ದಕ್ಕಿಂತ, ಲೋಹಕ್ಕೆ ಬೆಲೆ ಇದ್ದುದರಿಂದ ಕರಗಿದ್ದೇ ಹೆಚ್ಚು. ರೋಮಿನ ಪಂಥೆಯಾನ್ ಮಂದಿರವನ್ನು 609ರಲ್ಲಿ ಪೋಪ್ ನಾಲ್ಕನೆಯ ಬೋನಿಫಾಸರು ಮಾತೆ ಮರಿಯಮ್ಮನವರಿಗೂ ರಕ್ತಸಾಕ್ಷಿಗಳಿಗೂ ಅರ್ಪಿಸಿ ದೇವಾಲಯ ಮಾಡಿದರು. ಅದರ ಮುಂಗಟ್ಟೆಯ ಕಂಚಿನ ತೊಲೆಗಳು ಸಾವಿರ ವರ್ಷ ಹಾಗೆಯೇ ಉಳಿದಿದ್ದವು. 1620ರ ದಶಕದಲ್ಲಿ ಅವನ್ನು ಕೀಳಿಸಿದವರು ಪೋಪ್ ಎಂಟನೆಯ ಉರ್ಬಾನರು. ಹೆಚ್ಚಿನ ಪಾಲು ಹೋದದ್ದು ಫಿರಂಗಿಗಳಿಗೆ. ನಮ್ಮವರೇ ಎಂದು ಇದನ್ನು ಮುಚ್ಚಿಡಬೇಕಾಗಿಲ್ಲ. ರೋಮಿನ ಜನ ಆಗಲೇ ಅಣಕಿಸಿ ಹಾಡಿಕೊಂಡಿದ್ದಾರೆ. ಇತ್ತ ಮಾರ್ಕಸ್ ಔರೇಲಿಯಸ್ ಚಕ್ರವರ್ತಿಯ ಕುದುರೆ ಸವಾರಿಯ ದೊಡ್ಡ ಕಂಚಿನ ಪ್ರತಿಮೆ ಉಳಿದುಕೊಂಡದ್ದು, ಜನ ಅದನ್ನು ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನರದೆಂದು ತಪ್ಪು ತಿಳಿದಿದ್ದರಿಂದ. ಕೆಲವೊಮ್ಮೆ ತಪ್ಪು ತಿಳುವಳಿಕೆಯೂ ಪುಣ್ಯದ ಕೆಲಸ ಮಾಡುತ್ತದೆ.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದದ್ದು ಬೇರೊಂದು. ತುರ್ಕಿಯ ನೈರುತ್ಯ ಕರಾವಳಿಯಲ್ಲಿ ಯಾಸ್ಸಿ ಅಡಾ ಎಂಬ ಚಿಕ್ಕ ದ್ವೀಪವಿದೆ. ಅದರ ಬಳಿ, ಸುಮಾರು 35 ಮೀಟರ್ ಆಳದಲ್ಲಿ, ಒಂದು ವ್ಯಾಪಾರಿ ಹಡಗು ಮುಳುಗಿ ಬಿದ್ದಿತ್ತು. 1961ರಿಂದ 1964ರವರೆಗೆ ಜಾರ್ಜ್ ಬಾಸ್ ಅವರ ತಂಡ ನೀರಿನಡಿಯಲ್ಲಿಯೇ ಅದನ್ನು ಶೋಧಿಸಿತು. ಸಿಕ್ಕ ನಾಣ್ಯಗಳ ಪ್ರಕಾರ ಹಡಗು ಮುಳುಗಿದ್ದು ಸುಮಾರು ಕ್ರಿ.ಶ. 626ರಲ್ಲಿ. ಸುಮಾರು 20 ಮೀಟರ್ ಉದ್ದ, ಒಳಗೆ ದ್ರಾಕ್ಷಾರಸ ತುಂಬಿದ ನೂರಾರು ಜಾಡಿಗಳು. ಅಡುಗೆಮನೆಯ ಹತ್ತಿರ ತೂಕದ ಕೋಲುಗಳು ಸಿಕ್ಕವು. ಎಲ್ಲಕ್ಕಿಂತ ದೊಡ್ಡದರ ಮೇಲೆ ಒಡೆಯನ ಹೆಸರು ಗ್ರೀಕಿನಲ್ಲಿ ಕೆತ್ತಿತ್ತು: ಜಾರ್ಜ್, ಪ್ರೆಸ್ಬಿತೆರ್, ಹಡಗಿನ ಯಜಮಾನ. ಪ್ರೆಸ್ಬಿತೆರ್ ಎಂಬ ಮಾತಿಗೆ ಹಿರಿಯ ಎಂದೂ ಅರ್ಥವಿದೆ, ನಮ್ಮಂತಹ ಧರ್ಮಗುರು ಎಂದೂ ಅರ್ಥವಿದೆ. ಗುರು ಎಂದೇ ಹೆಚ್ಚಿನ ವಿದ್ವಾಂಸರ ಒಲವು.

ಅಲ್ಲಿಯೇ ಸಿಕ್ಕ ತೂಕದ ಗುಂಡೊಂದು ಕಂಚಿನ ಮುಖ. ಒಳಗೆ ಸೀಸ. ಯಾರ ಮುಖ? ಕ್ರಿಸ್ತರದ್ದಲ್ಲ, ಸಂತರದ್ದಲ್ಲ. ಶಿರಸ್ತ್ರಾಣ ತೊಟ್ಟ ಅಥೀನಾ ದೇವಿಯದು. ಇಂತಹ ಅಥೀನಾ ಗುಂಡುಗಳ ಎದೆಯ ಮೇಲೆ ಸಾಮಾನ್ಯವಾಗಿ ಒಂದು ಪುಟ್ಟ ಮುಖ ಮೂಡಿಸಿರುತ್ತಾರೆ, ಮೆಡೂಸಾಳದು!

ಚಕ್ರವರ್ತಿ ಕ್ರೈಸ್ತನಾಗಿ ಮುನ್ನೂರು ವರ್ಷ ಕಳೆದಿತ್ತು. ಅಥೀನಾಳ ಗುಡಿಗಳು ಮುಚ್ಚಿದ್ದವು. ಆ ಜಾರ್ಜ್ ಸ್ವಾಮಿಗಳು ಬೆಳಿಗ್ಗೆ ಎದ್ದು ಪ್ರಾರ್ಥನೆ ಮುಗಿಸಿ, ಸರಕು ತೂಗಲು ಅಥೀನಾಳ ತಲೆಯನ್ನು ಕೋಲಿಗೆ ಸಿಕ್ಕಿಸುತ್ತಿದ್ದಾಗ ಅವರಿಗೆ ಅದರಲ್ಲಿ ದೇವಿ ಕಂಡಿರಲಾರಳು. ತೂಕ ಕಂಡಿರಬೇಕು. ಸರಿಯಾದ ತೂಕವೋ ಅಲ್ಲವೋ ಎಂಬುದೇ ಅವರ ಚಿಂತೆಯಾಗಿತ್ತು ಎಂದು ನಾವು ಭಾವಿಸುತ್ತೇವೆ. ಗುರುವಿಗೆ ಚಿಂತಿಸಲು ಅದು ಸಾಕಷ್ಟು ದೊಡ್ಡ ವಿಷಯವೇ.

ಮೂರನೆಯ ಭಾನುವಾರ ಆ ತಾಯಿ ಮಗಳನ್ನೂ ಕರೆದುಕೊಂಡು ಬಂದರು. ಮಗಳ ರಜೆ ಮುಗಿಯುತ್ತಾ ಬಂದಿತ್ತು. ಇದೆಲ್ಲವನ್ನೂ ಇಷ್ಟು ಉದ್ದವಾಗಿ ಅವರಿಗೆ ಹೇಳಲಿಲ್ಲ. "ಅಮ್ಮ, ಇದನ್ನು ಬಾಗಿಲಿಗೆ ಏಕೆ ಹಾಕಿದಿರಿ?" ಎಂದಷ್ಟೇ ಕೇಳಿದೆವು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿದೆ ಅಂತ ಹಾಕಿದೆ ಸ್ವಾಮಿ. ಆಮೇಲೆ ಪಕ್ಕದ ಮನೆಯವರು, ಒಳ್ಳೆಯದಾಯಿತು, ಮಗಳು ದುಡಿಯುತ್ತಿದ್ದಾಳೆ, ಕಣ್ಣು ಬೀಳುವುದಿಲ್ಲ ಅಂದರು. ಹೌದೇನೋ ಅನ್ನಿಸಿತು" ಎಂದರು.

ಹಾಗಾದರೆ ಬಾಗಿಲಿನಿಂದ ಇಳಿಸಿದ್ದು ಸರಿಯೇ ಎಂದೆವು. ಮೆಡೂಸಾಳ ಮುಖ ಎಂಬ ಕಾರಣಕ್ಕಲ್ಲ. ಕಣ್ಣು ಬೀಳದಿರಲೆಂದು ಜಪಮಾಲೆಯನ್ನು ಗಾಡಿಯ ಕನ್ನಡಿಗೆ ನಿಂಬೆ-ಮೆಣಸಿನಕಾಯಿಯಂತೆ ತೂಗುಹಾಕಿದರೂ ನಾವು ಇದನ್ನೇ ಹೇಳುತ್ತಿದ್ದೆವು. ಆದರೆ ಮಗಳ ಉಡುಗೊರೆಯನ್ನು ಕೆರೆಗೆ ಎಸೆಯಬೇಕಾಗಿಲ್ಲ. ಅದು ಕಂಚು, ಯಾರೋ ಒಬ್ಬ ಕಂಚುಗಾರನ ಒಳ್ಳೆಯ ಕೆಲಸದ ನಕಲು. ಪ್ರಾರ್ಥನಾಕೂಟದ ಹಿರಿಯರ ಮನಸ್ಸು ನೋಯದಂಥ ಜಾಗದಲ್ಲಿ ಇಟ್ಟುಕೊಳ್ಳಲಿ.

ಮಗಳು ಕಥೆ ಕೇಳಿದಳು. "ಫಾದರ್, ಇವಳು ಯಾರು ಅಂತ ಅಂಗಡಿಯವನು ಹೇಳಿದ್ದ. ನನಗೆ ಮುಖ ಇಷ್ಟವಾಯಿತು, ಅಷ್ಟೇ. ರಾತ್ರಿ ಪಾಳಿ ಮುಗಿಸಿ ಬಂದವಳ ಹಾಗೆ ಕಾಣಿಸಿದಳು" ಎಂದಳು.

ಈ ವರ್ಷದ ಮನೆ ಆಶೀರ್ವಾದಕ್ಕೆ ಅವರ ಮನೆಗೆ ಹೋಗಿದ್ದೆವು. ಬಾಗಿಲ ಮೇಲೆ ಮೊಳೆಯ ತೂತು ಹಾಗೆಯೇ ಇದೆ. ಒಳಗಿನ ಷೋಕೇಸಿನಲ್ಲಿ, ಸಮವಸ್ತ್ರ ತೊಟ್ಟ ಮಗಳ ಫೋಟೋದ ಪಕ್ಕದಲ್ಲಿ, ಮೆಡೂಸಾ ಇದ್ದಾಳೆ. ವಿದ್ಯುತ್ ಬಿಲ್ಲು ಹಾರಿಹೋಗದಂತೆ ಅವಳ ಕೆಳಗೆ ಇಟ್ಟಿದ್ದರು.